ಸ್ಕೂಬಾ ಮಾಡ್ಬೇಕಾ, ಸ್ನಾರ್ಕೆಲಿಂಗ್ ಸಾಕಾ? ಕಡಲ ಜೀವಿಗಳನ್ನು ನೋಡಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನೇತ್ರಾಣಿಗೋ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೊರಟವರು ಮೊದಲು ಕೇಳುವುದು ಇದನ್ನೇ. ಮುರುಡೇಶ್ವರದ ದಡದಲ್ಲಿ ಬೋಟಿಗೆ ಕಾಯುತ್ತ ನಿಂತಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೀನು, ಆಮೆ, ಹವಳ ನೋಡಬೇಕೆಂಬ ಆಸೆ ಇರುವವರಿಗಾಗಿ ಬರೆದದ್ದು ಇದು.

## ಮೊದಲ ಸಲ ನೀರಿಗಿಳಿಯುವವರಿಗೆ

ಎರಡಕ್ಕೂ ಏನು ವ್ಯತ್ಯಾಸ ಸರ್? ಎರಡರಲ್ಲೂ ಮಾಸ್ಕ್ ಹಾಕ್ಕೊಂಡು ನೀರಿಗಿಳಿಯೋದೇ ಅಲ್ವಾ?

ಸ್ನಾರ್ಕೆಲಿಂಗ್‌ನಲ್ಲಿ ನೀವು ನೀರಿನ ಮೇಲೆಯೇ ಇರುತ್ತೀರಿ. ಬೋರಲಾಗಿ ತೇಲುತ್ತ, ಮುಖ ನೀರೊಳಗಿಟ್ಟು, ಬಾಯಲ್ಲಿ ಕಚ್ಚಿಕೊಂಡ ಕೊಳವೆಯಿಂದ ಹೊರಗಿನ ಗಾಳಿಯನ್ನೇ ಉಸಿರಾಡುತ್ತೀರಿ. ಕೆಳಗಿನದನ್ನೆಲ್ಲ ಮೇಲಿನಿಂದ ನೋಡುತ್ತೀರಿ. ಸ್ಕೂಬಾದಲ್ಲಿ ಗಾಳಿ ತುಂಬಿದ ಸಿಲಿಂಡರ್ ನಿಮ್ಮ ಬೆನ್ನ ಮೇಲಿರುತ್ತದೆ. ಹಾಗಾಗಿ ಮೀನು ಇರುವ ಮಟ್ಟಕ್ಕೇ ಇಳಿದು, ಬಂಡೆಯ ಪಕ್ಕದಲ್ಲಿ ನಿಂತು, ಸಂದಿಯೊಳಗೆ ಇಣುಕಬಹುದು. ಎರಡರಲ್ಲೂ ಮಾಸ್ಕಿನ ಗಾಜಿನಾಚೆಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ದಡಕ್ಕೆ ಬಂದವರು "ಇಷ್ಟುದ್ದ ಇತ್ತು" ಎಂದು ಕೈ ಅಗಲಿಸಿ ತೋರಿಸಿದರೆ ಸ್ವಲ್ಪ ಕಳೆದು ಕೇಳಿಸಿಕೊಳ್ಳಿ.

ನಮಗೆ ಪ್ರಾಣಿಗಳನ್ನ ನೋಡೋದೇ ಮುಖ್ಯ. ಯಾವುದ್ರಲ್ಲಿ ಜಾಸ್ತಿ ಕಾಣುತ್ತೆ?

ನೀವು ನೋಡಬೇಕೆಂದಿರುವ ಜೀವಿ ಎಷ್ಟು ಆಳದಲ್ಲಿ ಬದುಕುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಸ್ಕೂಬಾ ದೊಡ್ಡದು, ಸ್ನಾರ್ಕೆಲಿಂಗ್ ಸಣ್ಣದು ಎಂದು ಲೆಕ್ಕ ಹಾಕುವವರು ಬಹಳ ಮಂದಿ. ಆ ಲೆಕ್ಕ ಹಿಡಿದು ಹೋದವರೇ ಹೆಚ್ಚು ನಿರಾಸೆಪಡುವುದನ್ನು ಕಂಡಿದ್ದೇನೆ.

ಹವಳಕ್ಕೆ ಬಿಸಿಲು ಬೇಕು. ಅದರ ಮೈಯೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತದೆ. ಆದ್ದರಿಂದ ತಿಳಿನೀರಿರುವ ಕಡೆ ಹವಳದ ಹಬ್ಬವೆಲ್ಲ ಮೇಲಿನ ಕೆಲವು ಮೀಟರುಗಳಲ್ಲೇ ನಡೆಯುತ್ತದೆ. ಬಣ್ಣವೂ ಅಲ್ಲೇ ಉಳಿಯುತ್ತದೆ. ಐದು ಮೀಟರ್ ದಾಟುತ್ತಿದ್ದಂತೆ ನೀರು ಕೆಂಪನ್ನು ನುಂಗತೊಡಗುತ್ತದೆ, ಇನ್ನೂ ಕೆಳಗೆ ಎಲ್ಲವೂ ನೀಲಿ-ಬೂದು. ಚಿಟ್ಟೆಮೀನು, ಗಿಳಿಮೀನು, ಹೂವಿನಂತೆ ಕಾಣುವ ಅನಿಮೋನ್ ಎಂಬ ಕಡಲ ಪ್ರಾಣಿಯ ಬೆರಳುಗಳ ನಡುವೆ ಆಡುವ ಕ್ಲೌನ್ ಮೀನು, ಕಡಲ ಹುಲ್ಲು ಮೇಯುವ ಹಸಿರಾಮೆ, ಇವಕ್ಕೆಲ್ಲ ಸ್ನಾರ್ಕೆಲ್ ಸಾಕು. ಗುಳ್ಳೆ ಬಿಡುವ ಸದ್ದಿಲ್ಲದ್ದರಿಂದ ನೀರಿನ ಸದ್ದು ಕೇಳುತ್ತದೆ: ಸೀಗಡಿಗಳ ಚಟಪಟ, ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಬಂಡೆ ಕೆರೆಯುವ ಕರಕರ. ಅದು ಕೆರೆದು ನುಂಗಿದ ಹವಳದ ಪುಡಿ ಹಿಂದಿನಿಂದ ಬಿಳಿ ಮರಳಾಗಿ ಸುರಿಯುವುದನ್ನೂ ಮೇಲಿನಿಂದಲೇ ನೋಡಬಹುದು.

ಸ್ಕೂಬಾ ಬೇಕಾಗುವುದು ಅಡಗಿರುವ ಜೀವಿಗಳಿಗೆ, ಬಂಡೆಯ ಬದಿಯಲ್ಲಿ ನಡೆಯುವ ವ್ಯವಹಾರಕ್ಕೆ. ಸಂದಿಯಿಂದ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುವ, ಹಾವಿನಂಥ ಮೀನಾದ ಮೊರೆ ಈಲ್, ಬಂಡೆಯ ಬಣ್ಣವನ್ನೇ ತಳೆದು ಕೂತ ಆಕ್ಟೋಪಸ್, ಬೆರಳಿನ ತುದಿಯಷ್ಟಿರುವ ನುಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು ಮೇಲಿನಿಂದ ಸಿಗುವುದಿಲ್ಲ. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಶುಚಿ ಮಾಡುವ ಮೀನುಗಳ ಕಟ್ಟೆ. ಅಲ್ಲಿ ಒಂದು ದೊಡ್ಡ ಗ್ರೂಪರ್, ಅಂದರೆ ಮುರು ಮೀನು, ಬಂದು ಅಲ್ಲಾಡದೆ ನಿಲ್ಲುತ್ತದೆ. ನೀಲಿ ಪಟ್ಟೆಯ, ಬೆರಳುದ್ದದ ಕ್ಲೀನರ್ ರಾಸ್ ಬಂದು ಅದರ ಮೈಮೇಲಿನ ಪರೋಪಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಆಮೇಲೆ ಗ್ರೂಪರ್ ಬಾಯಿ ಅಗಲಿಸುತ್ತದೆ, ಪುಟ್ಟ ಮೀನು ಒಳಗೆ ಹೋಗಿ ಹಲ್ಲುಗಳ ನಡುವೆ ಕೆಲಸ ಮುಂದುವರಿಸಿ, ಕಿವಿರಿನ ಸಂದಿಯಿಂದ ಹೊರಬರುತ್ತದೆ. ಅಕ್ಕಪಕ್ಕದಲ್ಲಿ ಬೇರೆ ಮೀನುಗಳು ಸರದಿ ಕಾಯುತ್ತಿರುತ್ತವೆ. ಇದನ್ನು ನೋಡಲು ಅವುಗಳ ಮಟ್ಟದಲ್ಲೇ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು, ಅದಕ್ಕೆ ಸ್ಕೂಬಾನೇ ದಾರಿ.

ನಂಗೆ ಈಜು ಬರಲ್ಲ. ಹಾಗಾದ್ರೆ ಸ್ನಾರ್ಕೆಲಿಂಗೇ ಸೇಫ್ ಅಲ್ವಾ?

ಹಾಗೆ ಹೇಳಲಾಗದು. ತರಬೇತಿ ಇಲ್ಲದೆ ಮೊದಲ ಸಲ ಇಳಿಯುವವರಿಗಾಗಿ ಇರುವ ಪರಿಚಯ ಡೈವ್‌ನಲ್ಲಿ ತರಬೇತುದಾರರು ನೀರಿಗಿಳಿದಾಗಿನಿಂದ ಮೇಲೆ ಬರುವವರೆಗೆ ನಿಮ್ಮ ಸಿಲಿಂಡರನ್ನು ಹಿಡಿದೇ ಇರುತ್ತಾರೆ, ಎಷ್ಟು ಆಳ ಹೋಗಬೇಕೆಂದು ಅವರೇ ನೋಡಿಕೊಳ್ಳುತ್ತಾರೆ. ಸ್ನಾರ್ಕೆಲಿಂಗ್ ಸುಲಭ ಎಂಬ ಭಾವನೆಯಿಂದ ಅಲ್ಲಿ ನಿಗಾ ಕಡಿಮೆಯಾಗುತ್ತದೆ. ಕೊಳವೆಗೆ ಒಂದು ಅಲೆ ನೀರು ನುಗ್ಗಿದಾಗ ಈಜು ಬಾರದವರು ಗಾಬರಿಯಾಗುವುದೂ ಅಲ್ಲೇ. ಲೈಫ್ ಜಾಕೆಟ್ ಬಿಚ್ಚಬೇಡಿ, ಗೈಡ್ ಕೈಯಳತೆಯಲ್ಲಿರಲಿ, ಕೊಳವೆಯಲ್ಲಿ ನೀರು ಬಂದರೆ ಜೋರಾಗಿ ಊದಿ ಹೊರಹಾಕುವುದನ್ನು ಸೊಂಟಮಟ್ಟದ ನೀರಿನಲ್ಲಿ ನಾಲ್ಕಾರು ಸಲ ಅಭ್ಯಾಸ ಮಾಡಿ.

ನನ್ನನ್ನು ಕೇಳಿದರೆ, ಪ್ರವಾಸಕ್ಕೆ ಎರಡು ತಿಂಗಳಿದ್ದರೆ ಊರಿನ ಈಜುಕೊಳಕ್ಕೆ ಸೇರಿಬಿಡಿ. ನೀರಿನ ಭಯ ಇಳಿದ ಮೇಲೆ ಕಣ್ಣು ಮೀನಿನ ಕಡೆ ಹೋಗುತ್ತದೆ. ಅದಕ್ಕೆ ಮುಂಚೆ ಎಷ್ಟೇ ಮೀನಿದ್ದರೂ ನೀವು ನೋಡುವುದು ತರಬೇತುದಾರರ ಮುಖವನ್ನು ಮಾತ್ರ.

ಬೆನ್ನಿಗೆ ಕಟ್ಟೋದು ಆಕ್ಸಿಜನ್ ಸಿಲಿಂಡರ್ ತಾನೇ? ಮಧ್ಯದಲ್ಲಿ ಖಾಲಿ ಆದ್ರೆ?

ಅದರಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿ, ಸೋಸಿ ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಆಳದಲ್ಲಿ ಉಸಿರಾಡಿದರೆ ವಿಷವಾಗುತ್ತದೆ. 12 ಲೀಟರಿನ ಸಿಲಿಂಡರಿಗೆ 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಸಿಗುತ್ತದೆ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಬೇಕಾಗುವವರಿಗೆ ಹತ್ತು ಮೀಟರ್ ಆಳದಲ್ಲಿ 40 ಲೀಟರ್ ಬೇಕು, ಏಕೆಂದರೆ ಅಲ್ಲಿ ಒತ್ತಡ ಎರಡು ಪಟ್ಟು. ಅರ್ಧ ಗಂಟೆಯ ಪರಿಚಯ ಡೈವ್‌ಗೆ ಇದು ಧಾರಾಳ. ಗೇಜಿನಲ್ಲಿ ಎಷ್ಟು ಉಳಿದಿದೆ ಎಂಬುದು ಕಾಣುತ್ತಿರುತ್ತದೆ, 50 ಬಾರ್ ಉಳಿದಿರುವಾಗಲೇ ಮೇಲಿರಬೇಕು ಎಂಬುದು ರೂಢಿ. ತರಬೇತುದಾರರ ಬಳಿ ಇನ್ನೊಬ್ಬರಿಗೆ ಕೊಡಲೆಂದೇ ಹೆಚ್ಚುವರಿ ಮೌತ್‌ಪೀಸ್ ಇರುತ್ತದೆ.

ಮಗನಿಗೆ 8 ವರ್ಷ, ಅಮ್ಮನಿಗೆ 65. ಇಬ್ಬರನ್ನೂ ಕರ್ಕೊಂಡು ಹೋಗ್ಬಹುದಾ?

ಮಗನಿಗೆ ಸಮುದ್ರದಲ್ಲಿ ಸ್ಕೂಬಾ ಇನ್ನೂ ಎರಡು ವರ್ಷ ಬೇಡ. ಸ್ಕೂಬಾ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಪಾಡಿಯ ನಿಯಮದಂತೆ ಪರಿಚಯ ಡೈವ್‌ಗೂ ಕೋರ್ಸಿಗೂ ಕನಿಷ್ಠ ವಯಸ್ಸು 10. ಎಂಟರ ಮಕ್ಕಳಿಗೆ ಎರಡು ಮೀಟರ್ ಆಳ ಮೀರದಂತೆ ನೀರಿನ ರುಚಿ ತೋರಿಸುವ ಬೇರೆ ಕಾರ್ಯಕ್ರಮವಿದೆ. ಹವಳದ ದಿಬ್ಬ ಅಲೆ ತಡೆದು ನಿಲ್ಲಿಸಿದ ಲಗೂನಿನ ಸಮತಟ್ಟಾದ ನೀರಿನಲ್ಲಿ ಸ್ನಾರ್ಕೆಲಿಂಗ್ ಅವನಿಗೆ ಬಹಳ ಚೆನ್ನ, ಮಕ್ಕಳ ಅಳತೆಯ ಮಾಸ್ಕ್ ಮಾತ್ರ ನೀವೇ ಒಯ್ಯಿರಿ. ಬಾಡಿಗೆಗೆ ಸಿಗುವುದು ಹೆಚ್ಚಾಗಿ ದೊಡ್ಡವರದ್ದು, ಸಣ್ಣ ಮುಖದಲ್ಲಿ ಅದು ಸೋರುತ್ತಲೇ ಇರುತ್ತದೆ.

ಅಮ್ಮನ ವಿಷಯದಲ್ಲಿ ವಯಸ್ಸಿಗಿಂತ ಹೃದಯ, ಬಿಪಿ, ಉಸಿರಾಟ ನೋಡಬೇಕು. ಕೆಲವು ಕೇಂದ್ರಗಳು ತಮ್ಮದೇ ವಯೋಮಿತಿ ಇಟ್ಟುಕೊಂಡಿರುತ್ತವೆ, ಹೊರಡುವ ಮುಂಚೆ ಕೇಳಿ. ಸ್ನಾರ್ಕೆಲಿಂಗ್ ಆದರೂ ಅಲೆಯ ವಿರುದ್ಧ ಕಾಲು ಬಡಿಯುವುದು ಹೃದಯಕ್ಕೆ ದುಡಿಮೆಯೇ. ವೈದ್ಯರನ್ನು ಕೇಳಿಯೇ ಕರೆತನ್ನಿ. ಅಂಡಮಾನಿನಲ್ಲಾದರೆ ಗಾಜಿನ ತಳದ ಬೋಟಿನಲ್ಲಿ ಕೂತು ಹವಳ ನೋಡುವ ವ್ಯವಸ್ಥೆಯೂ ಇದೆ.

ಕನ್ನಡಕ ಇಲ್ದೆ ನಂಗೆ ಏನೂ ಕಾಣಲ್ಲ. ಸುಮ್ನೆ ದುಡ್ಡು ದಂಡ ಆಗಲ್ವಾ?

ಪವರ್ ಇರುವ ಮಾಸ್ಕ್ ಸಿಗುತ್ತದೆ, ಬುಕ್ ಮಾಡುವಾಗಲೇ ನಂಬರ್ ಹೇಳಿ ಕೇಳಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೂ ಇಳಿಯಬಹುದು, ಮಾಸ್ಕಿಗೆ ನೀರು ಬಂದಾಗ ಕಣ್ಣು ಮುಚ್ಚಿಕೊಂಡರಾಯಿತು.

ಹೆಂಗಸರು ಏನು ಬಟ್ಟೆ ಹಾಕ್ಕೊಂಡು ಹೋಗ್ಬೇಕು? ಪೀರಿಯಡ್ಸ್ ಇದ್ರೆ ಶಾರ್ಕ್ ಬರುತ್ತಂತೆ, ನಿಜಾನಾ?

ಮೈಗೆ ಅಂಟುವ ಲೆಗ್ಗಿಂಗ್ಸ್, ತುಂಬುತೋಳಿನ ಟೀ ಶರ್ಟ್ ಸಾಕು. ದುಪಟ್ಟಾ, ಸಡಿಲ ಕುರ್ತಾ ಬೇಡ, ನೀರಿನಲ್ಲಿ ಸುತ್ತಿಕೊಳ್ಳುತ್ತವೆ. ಸ್ಕೂಬಾಕ್ಕೆ ಮೇಲಿನಿಂದ ವೆಟ್‌ಸೂಟ್ ಅವರೇ ಕೊಡುತ್ತಾರೆ. ಮುಟ್ಟಿನ ದಿನಗಳಲ್ಲಿ ಇಳಿದರೆ ಶಾರ್ಕ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೈಗೆ ಆರಾಮಿದ್ದರೆ ಧೈರ್ಯವಾಗಿ ಇಳಿಯಿರಿ. ಗರ್ಭಿಣಿಯರು ಮಾತ್ರ ಸ್ಕೂಬಾ ಮಾಡಲೇಬಾರದು.

## ಎಲ್ಲಿ, ಯಾವಾಗ

ನೇತ್ರಾಣಿಗೆ ಹೋಗ್ತಿದೀವಿ. ಅಲ್ಲಿ ಯಾವುದು ಬೆಸ್ಟ್?

ನೇತ್ರಾಣಿಯಲ್ಲಿ ನನ್ನ ಮತ ಸ್ಕೂಬಾಕ್ಕೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ, ತೆರೆದ ಅರಬ್ಬಿ ಸಮುದ್ರದಲ್ಲಿ ಎದ್ದು ನಿಂತ ಬಂಡೆಯ ದ್ವೀಪ ಅದು. ಸುತ್ತ ಅಲೆ ತಡೆಯುವ ಲಗೂನ್ ಇಲ್ಲ. ಬೋಟು ದ್ವೀಪದ ಪಕ್ಕದಲ್ಲಿ ಲಂಗರು ಹಾಕುತ್ತದೆ, ನೀರಿಗಿಳಿಯುವುದು ಅಲ್ಲಿಂದಲೇ. ಮೇಲೆ ತೇಲುವವರನ್ನು ತೆರೆಗಳು ಎತ್ತಿ ಇಳಿಸುತ್ತಿರುತ್ತವೆ. ಕೆಳಗೆ ಇಳಿದವರಿಗೆ ಆ ತೂಗಾಟ ಕಡಿಮೆಯಾಗುತ್ತದೆ. ಬಂಡೆಗಳ ಇಳಿಜಾರು ಆಳಕ್ಕೆ ಹೋಗುವುದರಿಂದ ಮೀನುಗಳ ಗುಂಪು, ಗ್ರೂಪರ್, ಟ್ರಿಗರ್ ಮೀನು, ಬರಾಕುಡಾ, ಮೊರೆ ಈಲ್ ಚೆನ್ನಾಗಿ ಕಾಣುವುದು ಕೆಳಗಿನಿಂದಲೇ. ಅದೃಷ್ಟವಿದ್ದರೆ ಆಮೆ ಕಾಣುತ್ತದೆ.

ಹಾಗೆಂದು ಸ್ನಾರ್ಕೆಲಿಂಗ್ ವ್ಯರ್ಥ ಎಂದಲ್ಲ. ಹೆಚ್ಚಿನ ಬೋಟುಗಳಲ್ಲಿ ಎರಡೂ ಇರುತ್ತವೆ, ನಿಮ್ಮ ಡೈವ್ ಸರದಿ ಬರುವವರೆಗೆ ಮಾಸ್ಕ್ ಹಾಕಿ ತೇಲುತ್ತಿರಬಹುದು. ಹಾಗೆ ತೇಲಿ ಉಸಿರಾಟಕ್ಕೆ ಹೊಂದಿಕೊಂಡವರು ಸ್ಕೂಬಾದಲ್ಲಿ ಗಾಬರಿಯಾಗುವುದು ಕಡಿಮೆ. ಬೋಟಿನಲ್ಲಿ ಕೂತಿರುವಾಗ ಒಮ್ಮೆ ತಲೆ ಎತ್ತಿಯೂ ನೋಡಿ, ದ್ವೀಪದ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುತ್ತಿರುತ್ತದೆ.

ಅಂಡಮಾನಿನಲ್ಲಿ ಸ್ಕೂಬಾ ಮಾಡ್ದೆ ಬಂದ್ರೆ ವೇಸ್ಟ್ ಅಂತಾರೆ, ಹೌದಾ?

ಇಲ್ಲ. ಸ್ವರಾಜ್ ದ್ವೀಪದ, ಅಂದರೆ ಹಿಂದಿನ ಹ್ಯಾವ್‌ಲಾಕಿನ, ಎಲಿಫೆಂಟ್ ಬೀಚಿನಲ್ಲಿ ದಡದಿಂದ ಸ್ವಲ್ಪ ದೂರ ತೇಲಿದರೂ ಮೀನು ಕಾಣುತ್ತದೆ. ವಂಡೂರಿನ ಮಹಾತ್ಮ ಗಾಂಧಿ ರಾಷ್ಟ್ರೀಯ ಸಾಗರ ಉದ್ಯಾನದ ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ. ಅಷ್ಟು ಕಟ್ಟುನಿಟ್ಟಾಗಿ ಕಾದದ್ದರ ಫಲ ನೀರೊಳಗೆ ಕಾಣುತ್ತದೆ, ಸ್ನಾರ್ಕೆಲಿಂಗ್‌ಗೆ ನಾನು ಮೊದಲು ಹೇಳುವ ಹೆಸರೇ ಅದು. ಸ್ಕೂಬಾದ ಸರ್ಟಿಫಿಕೇಟ್ ಇದ್ದವರಿಗೆ ಹ್ಯಾವ್‌ಲಾಕಿನ ಸುತ್ತ ಡಿಕ್ಸನ್ಸ್ ಪಿನಾಕಲ್, ಜಾನಿಸ್ ಗಾರ್ಜ್‌ನಂಥ ಜಾಗಗಳಿವೆ. ಮೊದಲ ಸಲ ಇಳಿಯುವವರನ್ನು ಅಷ್ಟು ಆಳಕ್ಕೆ ಒಯ್ಯುವುದಿಲ್ಲ, ಆ ಜಾಗಗಳ ಫೋಟೊ ನೋಡಿ ಪರಿಚಯ ಡೈವ್ ಬುಕ್ ಮಾಡಬೇಡಿ.

ಒಂದು ಎಚ್ಚರಿಕೆ: ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಫಲಕ ಹಾಕಿದ ಕಡೆ, ಕೊಲ್ಲಿಯಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ತಿರ, ಮುಸ್ಸಂಜೆಯಲ್ಲಿ ನೀರಿಗಿಳಿಯಬಾರದು.

ಲಕ್ಷದ್ವೀಪ?

ಸ್ನಾರ್ಕೆಲಿಂಗ್‌ಗೆ ನಮ್ಮ ದೇಶದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿಯದು. ದ್ವೀಪದ ಸುತ್ತ ಹವಳದ ದಿಬ್ಬ ಅಲೆಗಳನ್ನು ತಡೆದು ನಿಲ್ಲಿಸುತ್ತದೆ, ಒಳಗಿನ ಲಗೂನಿನಲ್ಲಿ ನೀರು ಸೊಂಟಮಟ್ಟದಿಂದ ಕೆಲವೇ ಮೀಟರ್ ಆಳ. ಅಗತ್ತಿಯ ಲಗೂನಿನಲ್ಲಿ ಹಸಿರಾಮೆಗಳು ಕಡಲ ಹುಲ್ಲು ಮೇಯುತ್ತವೆ. ಆಮೆ ಕೆಲವು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರುತ್ತದೆ, ಆಗ ನೀವು ಇರುವ ಮಟ್ಟಕ್ಕೇ ಅದು ಬಂದಂತಾಯಿತು. ಅದರ ದಾರಿಗೆ ಅಡ್ಡ ಬರದೆ ಪಕ್ಕದಲ್ಲಿ ತೇಲುತ್ತಿದ್ದರೆ ಮೂಗಿನ ಹೊಳ್ಳೆ ತೆರೆದು ಮುಚ್ಚುವುದೂ ಕಾಣುತ್ತದೆ. ಕದ್ಮತ್, ಬಂಗಾರಂ ಸುತ್ತ ದಿಬ್ಬದ ಹೊರಬದಿಯಲ್ಲಿ ಸ್ಕೂಬಾ ಚೆನ್ನಾಗಿದೆ. ದ್ವೀಪಗಳಿಗೆ ಹೋಗಲು ಪ್ರವೇಶ ಪರವಾನಗಿ ಬೇಕು, ಅದನ್ನು ಮುಂಚಿತವಾಗಿ ಮಾಡಿಸಿಕೊಳ್ಳಿ.

ಮಕ್ಕಳಿಗೆ ಜೂನ್‌ವರೆಗೆ ರಜೆ. ಮಳೆ ಶುರುವಾದ ಮೇಲೆ ನೇತ್ರಾಣಿಗೆ ಬರ್ಬಹುದಾ?

ಆಗ ಬೋಟು ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ಪ್ರಕ್ಷುಬ್ಧ, ನದಿಗಳ ಕೆಂಪು ನೀರು ಸೇರಿ ಕದಡಿರುತ್ತದೆ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಅಕ್ಟೋಬರಿನಿಂದ ಮೇ ತನಕ ಕಾಲ, ಅದರಲ್ಲಿ ನಡುವಿನ ಡಿಸೆಂಬರ್, ಜನವರಿ, ಫೆಬ್ರವರಿ ನನ್ನ ಆಯ್ಕೆ.

ಬೋಟಿನಲ್ಲಿ ವಾಂತಿ ಆಗುತ್ತೆ ಅಂತ ಭಯ.

ನೇತ್ರಾಣಿಯ ದಾರಿ ಒಂದು ಗಂಟೆಗೂ ಮೀರಿದ್ದು, ಆದ್ದರಿಂದ ಭಯ ನ್ಯಾಯವಾದದ್ದೇ. ಖಾಲಿ ಹೊಟ್ಟೆ ಬೇಡ, ಎಣ್ಣೆಯ ಬನ್ಸ್ ಕೂಡ ಬೇಡ. ಎರಡು ಇಡ್ಲಿ ತಿಂದು ಹೊರಡಿ. ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ, ತೂಕಡಿಕೆ ತರಿಸದಂಥದ್ದನ್ನು ಬೋಟ್ ಹತ್ತುವ ಮುಂಚೆಯೇ ತೆಗೆದುಕೊಳ್ಳಿ. ಬೋಟಿನ ಹಿಂಭಾಗದಲ್ಲಿ ಕೂತು ದಿಗಂತ ನೋಡುತ್ತಿರಿ, ಫೋನ್ ನೋಡಬೇಡಿ. ಲಂಗರು ಹಾಕಿ ನಿಂತ ಬೋಟೇ ಹೆಚ್ಚು ತೂಗಾಡುವುದರಿಂದ ಸರದಿ ಬಂದ ಕೂಡಲೇ ನೀರಿಗಿಳಿಯುವುದು ವಾಸಿ.

## ಆರೋಗ್ಯ, ಭಯ

ಕಿವಿ ನೋವಾಗುತ್ತೆ ಅಂತಾರಲ್ಲ, ಅದಕ್ಕೆ ಏನು ಮಾಡ್ಬೇಕು?

ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿದ ಹಾಗೆಯೇ ಇದು, ಆದರೆ ಬಹಳ ಬೇಗ ಆಗುತ್ತದೆ. ಹತ್ತು ಮೀಟರ್ ನೀರು ಇಡೀ ವಾತಾವರಣದಷ್ಟು ಭಾರ ಹೇರುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನತ್ತ ಗಾಳಿ ಒತ್ತಿದರೆ ಕಿವಿ ಬಿಡುತ್ತದೆ. ನೋವು ಶುರುವಾಗುವ ಮುಂಚೆಯೇ, ಮೊದಲ ಒಂದು ಮೀಟರಿನಿಂದಲೇ, ಪದೇ ಪದೇ ಮಾಡಬೇಕು. ಬಿಡದಿದ್ದರೆ ಜೋರು ಮಾಡದೆ ತರಬೇತುದಾರರಿಗೆ ಸನ್ನೆ ಮಾಡಿ, ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿ ಇದ್ದ ದಿನ ಸ್ಕೂಬಾ ಬೇಡವೇ ಬೇಡ. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿದರೆ, ಕೆಳಗೆ ಅದರ ಪ್ರಭಾವ ಇಳಿದು ಮೇಲೆ ಬರುವಾಗ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ದಿನ ತೇಲುತ್ತ ಸ್ನಾರ್ಕೆಲ್ ಮಾಡಬಹುದು, ಅದಕ್ಕೆ ಕಿವಿಯ ತಕರಾರಿಲ್ಲ.

ಆಸ್ತಮಾ ಇದೆ, ಆದ್ರೆ ಕಂಟ್ರೋಲ್‌ನಲ್ಲಿದೆ. ಫಾರ್ಮಿನಲ್ಲಿ 'ಇಲ್ಲ' ಅಂತ ಬರೆದ್ರೆ ಆಗಲ್ವಾ?

ದಯವಿಟ್ಟು ಬರೆಯಬೇಡಿ. ಸ್ಕೂಬಾದ ಮೊದಲ ನಿಯಮ ಉಸಿರು ಕಟ್ಟಬಾರದು ಎಂಬುದು. ಹತ್ತು ಮೀಟರಿನಲ್ಲಿ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ, ಹೊರಹೋಗಲು ದಾರಿ ಇಲ್ಲದಿದ್ದರೆ ಶ್ವಾಸಕೋಶ ಹರಿಯುತ್ತದೆ. ಆಸ್ತಮಾದಲ್ಲಿ ಸಣ್ಣ ಗಾಳಿಗೊಳವೆಗಳು ಬಿಗಿಯುವುದರಿಂದ ನೀವು ಉಸಿರು ಬಿಡುತ್ತಿದ್ದರೂ ಒಳಗೆಲ್ಲೋ ಗಾಳಿ ಸಿಕ್ಕಿಕೊಳ್ಳಬಹುದು. ಹೃದಯದ ಕಾಯಿಲೆ, ಮೂರ್ಛೆ ರೋಗ, ಹಿಂದೆ ಶ್ವಾಸಕೋಶ ಕುಸಿದದ್ದು, ಇತ್ತೀಚಿನ ಕಿವಿ ಅಥವಾ ಎದೆಯ ಶಸ್ತ್ರಚಿಕಿತ್ಸೆ ಇದ್ದರೂ ಹಾಗೆಯೇ, ವೈದ್ಯರ ಒಪ್ಪಿಗೆ ಪತ್ರವಿಲ್ಲದೆ ಇಳಿಯಬಾರದು. ಫಾರ್ಮ್ ಓದದೆ ಸಹಿ ಹಾಕಿಸಿಕೊಳ್ಳುವ ಕಡೆ ನಾನಂತೂ ಹೋಗುವುದಿಲ್ಲ.

ಶಾರ್ಕ್, ಹಾವು... ಯಾವುದಕ್ಕೆ ಹೆದರ್ಬೇಕು?

ಶಾರ್ಕಿಗೆ ಹೆದರುವ ಅಗತ್ಯ ಬಹಳ ಕಡಿಮೆ, ಹವಳದ ದಿಬ್ಬದಲ್ಲಿ ಕಾಣುವ ಬಿಳಿತುದಿಯ ಶಾರ್ಕ್ ನಿಮ್ಮನ್ನು ಕಂಡರೆ ತಾನೇ ಸರಿಯುತ್ತದೆ. ಕಡಲ ಹಾವಿಗೆ ವಿಷವಿದೆ, ಕೆಣಕದಿದ್ದರೆ ಕಚ್ಚುವುದು ಅಪರೂಪ. ಎಚ್ಚರವಿರಬೇಕಾದದ್ದು ಕಾಲಿಡುವಾಗ, ಕೈಯೂರುವಾಗ. ಸ್ಟೋನ್‌ಫಿಶ್ ಹೆಸರಿಗೆ ತಕ್ಕಂತೆ ಕಲ್ಲಿನಂತೆಯೇ ಬಿದ್ದಿರುತ್ತದೆ, ಲಯನ್‌ಫಿಶ್‌ನ ಚಂದದ ರೆಕ್ಕೆಗಳಲ್ಲೂ ವಿಷದ ಮುಳ್ಳು. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಆ ಭಾಗವನ್ನು ಮುಳುಗಿಸಿಟ್ಟುಕೊಂಡೇ ಆಸ್ಪತ್ರೆಗೆ ಧಾವಿಸಿ. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಮರಳಿನಲ್ಲಿ ಹೂತುಕೊಂಡಿರುತ್ತದೆ, ಆಳವಿಲ್ಲದ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಕಾಲೆಳೆಯುತ್ತ ನಡೆದರೆ ಅದು ಮೊದಲೇ ಎದ್ದು ಹೋಗುತ್ತದೆ.

ಸ್ನಾರ್ಕೆಲ್ ಮಾಡುವವರನ್ನು ನಿಜವಾಗಿ ಕಾಡುವುದು ಬಿಸಿಲು ಮತ್ತು ನೀರಿನ ಸೆಳೆತ. ಬೆನ್ನು, ಕಾಲಿನ ಹಿಂಭಾಗ ಸುಟ್ಟದ್ದು ರಾತ್ರಿಯೇ ಗೊತ್ತಾಗುವುದು. ಕ್ರೀಮಿಗಿಂತ ತುಂಬುತೋಳಿನ ಬಟ್ಟೆ ಒಳ್ಳೆಯದು. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದ್ದು ಹವಳದ ಕಾರಣಕ್ಕೆ.

## ಒಂದೆರಡು ಸಲ ಇಳಿದವರಿಗೆ

ಸ್ನಾರ್ಕೆಲ್ ಮಾಡ್ತಾ ಉಸಿರು ಹಿಡಿದು ಕೆಳಗೆ ಮುಳುಗಬಹುದಾ? ಮುಂಚೆ ನಾಲ್ಕೈದು ಸಲ ಜೋರಾಗಿ ಉಸಿರೆಳೆದ್ರೆ ಜಾಸ್ತಿ ಹೊತ್ತು ಇರ್ಬಹುದಂತೆ.

ಮುಳುಗಬಹುದು. ಆದರೆ ಆ ಜೋರು ಉಸಿರಾಟ ಜೀವ ತೆಗೆಯುವಂಥದ್ದು. ಉಸಿರು ಬೇಕು ಎಂಬ ತಹತಹ ಹುಟ್ಟುವುದು ಇಂಗಾಲದ ಡೈ ಆಕ್ಸೈಡ್ ಏರಿದಾಗ. ಮೊದಲೇ ಅದನ್ನು ಹೊರಹಾಕಿಬಿಟ್ಟರೆ ಆಮ್ಲಜನಕ ಮುಗಿಯುತ್ತ ಬಂದರೂ ಮೈ ಎಚ್ಚರಿಸುವುದಿಲ್ಲ, ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರೇ ಹೀಗೆ ಹೋಗುತ್ತಾರೆ. ಶಾಂತವಾಗಿ ಒಂದು ಉಸಿರೆಳೆದು ಎರಡು-ಮೂರು ಮೀಟರ್ ಇಳಿಯಿರಿ, ಜೊತೆಗಾರರು ಮೇಲಿನಿಂದ ನೋಡುತ್ತಿರಲಿ. ಮುಖವಿಡೀ ಮುಚ್ಚುವ ಹೊಸ ಬಗೆಯ ಮಾಸ್ಕ್ ಹಾಕಿಕೊಂಡು ಮುಳುಗಬಾರದು, ಅದರಲ್ಲಿ ಮೂಗು ಹಿಡಿದು ಕಿವಿ ಬಿಡಿಸಲು ಆಗುವುದಿಲ್ಲ.

ಪರಿಚಯ ಡೈವ್ ಆಯ್ತು, ತುಂಬಾ ಇಷ್ಟ ಆಯ್ತು. ಮುಂದೆ ಕೋರ್ಸ್ ಮಾಡೋದ್ರಿಂದ ಪ್ರಾಣಿ ನೋಡೋಕೆ ಏನು ಉಪಯೋಗ?

ಬಹಳ. ಪರಿಚಯ ಡೈವ್‌ಗೆ ಮಿತಿ 12 ಮೀಟರ್, ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದರೆ 18, ಅದರ ಮುಂದಿನದಕ್ಕೆ 30. ಕೋರ್ಸು ಮೂರು-ನಾಲ್ಕು ದಿನದ್ದು, 200 ಮೀಟರ್ ಈಜಿ 10 ನಿಮಿಷ ತೇಲಿ ತೋರಿಸಬೇಕು. ಆದರೆ ಆಳಕ್ಕಿಂತ ದೊಡ್ಡ ಲಾಭ ತೇಲುವಿಕೆಯ ಹಿಡಿತ. ಕೈಕಾಲು ಬಡಿಯದೆ, ತಳಕ್ಕೆ ಮುಟ್ಟದೆ, ಬರೀ ಉಸಿರಿನಿಂದ ಒಂದೇ ಮಟ್ಟದಲ್ಲಿ ನಿಲ್ಲಲು ಬಂದ ದಿನ ಮೀನುಗಳು ಓಡುವುದನ್ನು ನಿಲ್ಲಿಸುತ್ತವೆ. ರಾತ್ರಿ ಡೈವ್‌ಗೂ ಆಗ ಅರ್ಹತೆ ಬರುತ್ತದೆ: ಬೇಟೆಗೆ ಹೊರಟ ಲಯನ್‌ಫಿಶ್, ತನ್ನ ಸುತ್ತ ಲೋಳೆಯ ಗೂಡು ಕಟ್ಟಿಕೊಂಡು ನಿದ್ದೆ ಹೋದ ಕೆಲವು ಜಾತಿಯ ಗಿಳಿಮೀನು, ಟಾರ್ಚಿನ ಬೆಳಕಿಗೆ ಹೊಳೆಯುವ ಸೀಗಡಿಯ ಕಣ್ಣು.

ತಿಮಿಂಗಿಲ ಶಾರ್ಕ್, ಮಾಂಟಾ ನೋಡ್ಬೇಕು ಅಂದ್ರೆ ಸ್ಕೂಬಾನೇ ಬೇಕಲ್ವಾ?

ತಿಮಿಂಗಿಲ ಶಾರ್ಕ್, ತೊರಕೆಯ ಬಳಗದ ದೊಡ್ಡ ಮೀನಾದ ಮಾಂಟಾ, ಇವೆರಡಕ್ಕೂ ಹೆಚ್ಚಾಗಿ ಸ್ನಾರ್ಕೆಲೇ ಒಳ್ಳೆಯದು. ಇವು ತಿನ್ನುವುದು ಮೇಲಿನ ನೀರಿನಲ್ಲಿ ತೇಲುವ ಪುಟ್ಟ ಪುಟ್ಟ ಜೀವಿಗಳನ್ನು, ಆದ್ದರಿಂದ ಮೇಯಲು ಮೇಲೆಯೇ ಬರುತ್ತವೆ. ಮಾಲ್ಡೀವ್ಸ್‌ನ ‘ಬಾ ಅಟಾಲ್’ ಎಂಬ ಹವಳ ದ್ವೀಪಗಳ ಗುಂಪಿನಲ್ಲಿರುವ ಹನಿಫಾರು ಕೊಲ್ಲಿಯಲ್ಲಿ ಮಾಂಟಾಗಳು ಗುಂಪುಗೂಡಿ ಮೇಯುತ್ತವೆ, ಅಲ್ಲಿ ಸ್ಕೂಬಾ ನಿಷಿದ್ಧ, ಸ್ನಾರ್ಕೆಲಿಂಗ್ ಮಾತ್ರ. ನೇತ್ರಾಣಿಯ ಸುತ್ತ ತಿಮಿಂಗಿಲ ಶಾರ್ಕ್ ಕಂಡದ್ದುಂಟು. ಅದು ಸಿಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಕಂಡರೆ ಬೆನ್ನಟ್ಟದೆ, ಮುಂದೆ ಅಡ್ಡ ಹೋಗದೆ, ಕೆಲವು ಮೀಟರ್ ದೂರದಲ್ಲಿ ಪಕ್ಕಕ್ಕೆ ತೇಲಿ. 2001ರಿಂದ ಅದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗಿರುವಷ್ಟೇ ರಕ್ಷಣೆಯಿದೆ.

ಗೈಡ್ ನಕ್ಷತ್ರಮೀನನ್ನ ಎತ್ತಿ ಕೈಗೆ ಕೊಟ್ರು, ಬಿಸ್ಕೆಟ್ ಹಾಕಿ ಮೀನು ಕರೆದ್ರು. ತಪ್ಪೇನು ಅದ್ರಲ್ಲಿ?

ತಪ್ಪೇ. ಎತ್ತಿ ಕೊಟ್ಟ ಜೀವಿ ನಿಮ್ಮ ಫೋಟೊ ಮುಗಿಯುವ ತನಕ ಉಸಿರುಗಟ್ಟುತ್ತಿರುತ್ತದೆ, ಅಥವಾ ಹಿಡಿದ ಕಡೆ ಗಾಯಗೊಳ್ಳುತ್ತದೆ. ಬಿಸ್ಕೆಟಿಗೆ ಒಗ್ಗಿದ ಮೀನು ಹವಳದ ಮೇಲಿನ ಪಾಚಿ ಮೇಯುವುದನ್ನು ಕಡಿಮೆ ಮಾಡುತ್ತದೆ, ಪಾಚಿ ಬೆಳೆದು ಹವಳ ಉಸಿರುಗಟ್ಟುತ್ತದೆ. ಉಂಡೆಯಾಕಾರದ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ನೀವು ನಿಂತುಕೊಂಡ ಉಂಡೆ ನಿಮ್ಮ ಅಜ್ಜನಿಗಿಂತ ಹಳೆಯದಿರಬಹುದು. 1998, 2010, 2016ರ ಬಿಸಿ ನೀರಿಗೆ ಲಕ್ಷದ್ವೀಪದ ಹವಳ ಒಳಗಿನ ಪಾಚಿ ಕಳೆದುಕೊಂಡು ಬಿಳಿಚಿತ್ತು, 2024ರಲ್ಲಿ ಮತ್ತೆ ಜಗತ್ತಿನಾದ್ಯಂತ ಅದೇ ಆಯಿತು. ಚೇತರಿಸಿಕೊಳ್ಳುತ್ತಿರುವ ಹವಳಕ್ಕೆ ನಮ್ಮ ಕಾಲಿನ ಪೆಟ್ಟು ಬೇಡ.

ಈ ವಿಷಯದಲ್ಲಿ ಸ್ನಾರ್ಕೆಲ್ ಮಾಡುವವರ ಮೇಲೆ ಹೊಣೆ ಜಾಸ್ತಿ. ಸುಸ್ತಾದಾಗ ಆಳವಿಲ್ಲದ ಕಡೆ ನಿಂತುಬಿಡುವುದು ಅವರೇ. ನಿಲ್ಲಬೇಕೆನಿಸಿದರೆ ಮರಳಿರುವ ಜಾಗ ಹುಡುಕಿ, ಅಥವಾ ಅಂಗಾತ ತಿರುಗಿ ತೇಲಿ. ಗೈಡ್ ಏನಾದರೂ ಎತ್ತಲು ಹೋದರೆ ಕೈಯಾಡಿಸಿ ಬೇಡವೆನ್ನಿ. ಗಿರಾಕಿ ಬೇಡವೆಂದರೆ ಅವರು ನಿಲ್ಲಿಸುತ್ತಾರೆ.

ದಡದಲ್ಲಿ ಬಿದ್ದಿರೋ ಸತ್ತ ಹವಳದ ತುಂಡು ತರಬಹುದಾ?

ತರಬಾರದು. ಹವಳ ಸತ್ತಿದ್ದರೂ ಕಾನೂನಿನ ರಕ್ಷಣೆಯಲ್ಲಿದೆ, ಅಂಡಮಾನಿನ ವಿಮಾನ ನಿಲ್ದಾಣದಲ್ಲಿ ಬ್ಯಾಗಿನಿಂದ ತೆಗೆಸುತ್ತಾರೆ, ಕೇಸೂ ಆಗಬಹುದು.

ಶನಿವಾರ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ ರಾತ್ರಿ ಬಸ್ಸಿಗೆ ಬೆಂಗಳೂರು. ವಿಮಾನ ಅಲ್ವಲ್ಲ, ತೊಂದ್ರೆ ಇಲ್ಲ ತಾನೇ?

ಈ ಪ್ರಶ್ನೆ ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕಾದದ್ದು. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ರಕ್ತ, ಮಾಂಸಗಳಲ್ಲಿ ಕರಗಿ ಉಳಿಯುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು, ಗುಳ್ಳೆಗಳಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನ ತನಕ ತರಬಹುದು. ಡೈವರುಗಳ ಸುರಕ್ಷತೆಗಾಗಿರುವ ಡ್ಯಾನ್ ಸಂಸ್ಥೆಯ ಸಲಹೆ ಹೀಗಿದೆ: ಒಂದೇ ಡೈವ್ ಆದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ ಬಿಡುವು, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ. ಇದು ಸುಮಾರು 600 ಮೀಟರಿಗೂ ಮೇಲಿನ ಎತ್ತರಕ್ಕೆ ಅನ್ವಯಿಸುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಘಟ್ಟ ಹತ್ತದೆ ಅಲ್ಲಿಗೆ ದಾರಿಯಿಲ್ಲ. ಬಸ್ಸಾದರೂ ಅಷ್ಟೇ.

ಆದ್ದರಿಂದ ಶುಕ್ರವಾರ ರಾತ್ರಿ ಹೊರಟು, ಶನಿವಾರ ಬೆಳಿಗ್ಗೆ ಡೈವ್ ಮುಗಿಸಿ, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಭಾನುವಾರ ಸಂಜೆಯ ಬಸ್ಸಿಗೆ ಹೊರಟರೆ 18 ಗಂಟೆ ಕಳೆದಿರುತ್ತದೆ. ಅಂಡಮಾನಿಗೆ ಒಂದು ವಾರ ಹೋಗುವವರು ಸ್ಕೂಬಾವನ್ನು ಮೊದಲ ದಿನಗಳಲ್ಲಿ ಇಟ್ಟುಕೊಂಡು, ವಿಮಾನದ ಹಿಂದಿನ ದಿನವನ್ನು ಸ್ನಾರ್ಕೆಲಿಂಗ್‌ಗೆ ಬಿಡಲಿ. ಮೇಲೆ ತೇಲುವುದರಿಂದ ಸಾರಜನಕದ ಲೆಕ್ಕ ಏರುವುದಿಲ್ಲ. ಜಾಲಿ ಬಾಯ್‌ಗೆ ಹೋಗುವ ಬೋಟು ವಂಡೂರಿನಿಂದ ಬೆಳಿಗ್ಗೆಯೇ ಹೊರಡುತ್ತದೆ, ಪರವಾನಗಿಯನ್ನು ಹಿಂದಿನ ದಿನವೇ ಮಾಡಿಸಿಟ್ಟುಕೊಳ್ಳಿ.